ಐದನೆಯ ಜೇಬು

ಜೀನ್ಸಿನ ಬಲಗಡೆ, ದೊಡ್ಡ ಜೇಬಿನ ಬಾಯೊಳಗೆ
ಎರಡು ಬೆರಳಷ್ಟೇ ಹಿಡಿಸುವ ಒಂದು ಮರಿಜೇಬು.
ಏನಿಡಬೇಕು ಇದರಲ್ಲಿ ಅಂತ ಕೇಳಿದ್ದಕ್ಕೆ
ಕೌಲ್‌ಬಜಾರಿನ ಕಟಿಂಗ್ ಮಾಸ್ತರ ಶೇಕ್ಷಾವಲಿ
ಕಿವಿಯ ಮೇಲಿನ ಸೀಮೆಸುಣ್ಣ ಸರಿಪಡಿಸಿಕೊಂಡು ಹೇಳಿದ್ದ:
"ಹೊಲಿದವರಿಗೇನು ಗೊತ್ರೀ,
ತೊಟ್ಟವರು ಇಟ್ಟಿದ್ದು."

ಆಗ ಅದು ನನ್ನ ತಲೆಗೆ ಹೋಗಲಿಲ್ಲ.
ನಾನು ಅವನ ಕಂಪ್ಯೂಟರಿಗೆ ಪ್ರೋಗ್ರಾಮು ಬರೆದುಕೊಟ್ಟವನು.
ಥಾನಿನ ಅಗಲದ ಮೇಲೆ ಕಾಲು, ಸೊಂಟಪಟ್ಟಿ, ಜೇಬು
ಹೇಗೆ ಮಲಗಿಸಿದರೆ ಚಿಂದಿ ಕಡಿಮೆ,
ಅದಷ್ಟೇ ಅದರ ಕಸುಬು.
ಬಟನ್ನು ಹನ್ನೊಂದು.
ಹನ್ನೆರಡನೆಯದು ಬೇಕೆಂದರೆ ಫೋನು, ಸ್ಕೂಟರು,
ಗುಡ್ಡದ ಬಂಡೆಯ ಕಾವು ಮುಖಕ್ಕೆ ಹೊಡೆಸಿಕೊಂಡು
ಪೆನ್‌ಡ್ರೈವಿನಲ್ಲಿ ಹೊಸದನ್ನು ಹೊತ್ತು ತರಬೇಕು.
ತಂದು ಹಾಕುವಷ್ಟರಲ್ಲಿ ಆರ್ಡರೇ ಬದಲು:
"ಈ ಸಲ ಸೊಂಟ ಇಳದೈತಿ, ಮತ್ತ ಬರ್ರಿ."
ಹದಿನೇಳು ಸಲ ಹೋದೆ.
ಪ್ರತಿ ಸಲವೂ ಮಿರ್ಚಿ, ಮಂಡಕ್ಕಿ,
ಪ್ರತಿ ಸಲವೂ ನನ್ನದೇ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವುದು.

ಹದಿನೆಂಟನೆಯ ಸಲ ಹೊರಡುವ ಮೊದಲು
ತೆರೆಯ ತಳದಲ್ಲೊಂದು ಕರಿ ಪಟ್ಟಿ ಹಚ್ಚಿದೆ.
ಅದರೊಳಗೊಂದು ಪುಟ್ಟ ಭಾಷೆ.
ನನ್ನದಲ್ಲ, ಯಾರೋ ಮಾಡಿ ಬಿಟ್ಟಿ ಬಿಟ್ಟಿದ್ದು;
ಇನ್ನೂರು ಸಾಲಿನ ದಾರದಲ್ಲಿ ನನ್ನದಕ್ಕೆ ಬಿಗಿದೆ.
ಒಳಗೆ ಮುಚ್ಚಿಟ್ಟುಕೊಂಡಿದ್ದ ಹೆಸರುಗಳನ್ನೆಲ್ಲ
(ಅಗಲ, ಉದ್ದ, ಅಳೆ, ಸರಿಸು, ತಿರುಗಿಸು)
ಅಡಿಗೆಮನೆಯ ಪಾತ್ರೆ ಅಂಗಳಕ್ಕೆ ತಂದ ಹಾಗೆ ಹೊರಗಿಟ್ಟೆ.
ಸ್ವಲ್ಪ ನಾಚಿಕೆಯಾಯಿತು. ಎರಡು ಸೊಟ್ಟ, ಒಂದು ತೂತು.

ಮಾಸ್ತರ ಮುಟ್ಟಲಿಲ್ಲ. "ಕಣ್ಣು ಮಿಟುಕಸ್ತೈತಿ ಅದು" ಅಂದ.
ಮುಟ್ಟಿದವಳು ಓವರ್‌ಲಾಕಿನ ಎರ್ರಮ್ಮ,
ಎಸ್ಸೆಸ್ಸೆಲ್ಸಿ ಪಾಸು, ಉಗುರಸಂದಿಯಲ್ಲಿ ನೀಲಿ.
ಒಂದಕ್ಕೆ ಒಂದು ಕೂಡಿಸೆಂದಳು. ಎರಡು ಅಂತು.
ಅಗಲ ಕೇಳಿದಳು. ಐವತ್ತೆಂಟು ಅಂತು.
ಯಾರೋ ಕರೆದ ಹಾಗೆ ತಿರುಗಿ ನನ್ನ ನೋಡಿದಳು:
"ಓಗೊಡ್ತೈತ್ರೀ ಇದು!"

ಮೂರನೆಯ ದಿನ ಅನಾಹುತ.
ಜಾಗ ಉಳಿದಿರೋ ತನಕ ತಿರುಗಿಸು, ಅಂದಿದ್ದಾಳೆ.
ತಿರುಗಿಸಿದರೆ ಜಾಗ ತುಂಬುತ್ತದೆಯೇ?
ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು,
ತೆರೆ ಕಲ್ಲಾಯಿತು, ಡಬ್ಬಿಯ ಫ್ಯಾನು ಬೊಬ್ಬೆ ಹೊಡೆಯಿತು,
ಅರವತ್ತು ಪದರ ಬಟ್ಟೆ ಹಾಸಿಟ್ಟು
ಕಟಿಂಗಿನ ಹುಡುಗರು ಬೀಡಿಗೆಂದು ಬೀದಿಗೆ ಹೋದರು.
ಎರ್ರಮ್ಮ ಅತ್ತಳಂತೆ.
ತಪ್ಪು ಅವಳದಲ್ಲ. ಅಷ್ಟೆಲ್ಲ ಮಾತು ಕೊಟ್ಟವನು
"ಸಾಕು" ಎಂಬುದೊಂದನ್ನು ಕೊಟ್ಟಿರಲಿಲ್ಲ.
ಅಂದು ರಾತ್ರಿಯೇ ಕೊಟ್ಟೆ.

ಆಮೇಲೆ ಫೋನಿಲ್ಲ. ಒಂದು ತಿಂಗಳು. ಎರಡು.
ಬಿಟ್ಟೇಬಿಟ್ಟರೇನೋ ಅಂತ
ಕರೆಯದೆ ನಾನೇ ಹೋದೆ.
ಹನ್ನೊಂದು ಬಟನ್ನೂ ಇದ್ದಲ್ಲೇ ಇದ್ದವು, ಯಾರೂ ಒತ್ತದೆ.
ಕರಿ ಪಟ್ಟಿಯಲ್ಲಿ ನಾನು ಬರೆಯದ ಮಾತುಗಳು:

ಕುಗ್ಗು. ತೊಳೆದ ಮೇಲೆ ಬಟ್ಟೆ ಎಷ್ಟು ಒಳಗೆ ಹೋಗುತ್ತದೆ, ಅದರ ಲೆಕ್ಕ.
ಎಳೆನೋಡು. ನೂಲಿನ ದಿಕ್ಕು ತಪ್ಪಿದರೆ ಬೈಯುತ್ತದೆ,
ಮಾಸ್ತರ ಬೈಯುವ ಮಾತಲ್ಲೇ.
ಆಮೇಲೆ, ನಡುವೆ ಜಾಗ ಬಿಡದೆ,
ಅವ್ವನಗೇಣು = ೭.೭೫

ಇದೇನು ಅಂದೆ.
"ನಮ್ಮವ್ವಂದ್ರೀ. ಟೇಪು ಸಿಗದಾಗ ಅದರಾಗ ಅಳೀತಿದ್ಲು.
ಜೇಬಿನ ಆಳ ಅಷ್ಟಿದ್ರ ಕೈ ಸರಿ ಕುಂದರ್ತೈತಿ."
ನಾನು ಆ ಅಂಕಿಯನ್ನೇ ನೋಡುತ್ತಿದ್ದೆ.
ನನ್ನ ಪ್ರೋಗ್ರಾಮಿನೊಳಗೆ
ಯಾರದೋ ಕೈ ಹರವಿಕೊಂಡು ಕೂತಿತ್ತು.

"ಸಿಟ್ಟಾಗಬ್ಯಾಡ್ರಿ" ಎಂದಳು, ಧ್ವನಿ ಇಳಿಸಿ,
"ನಿಮ್ಮ ಆರನೇ ಬಟನ್ನು ಮೂಲ್ಯಾಗ ಅರ್ಧ ಇಂಚು ತಿಂತೈತಿ,
ಮೊದಲಿಂದ್ಲೂ.
ನಾನೇ ಬ್ಯಾರೇದು ಬರಕೊಂಡೀನಿ."

ಹೊರಗೆ ಅದಿರಿನ ಲಾರಿ ಕೆಂಪು ಎಬ್ಬಿಸಿಕೊಂಡು ಹೋಯಿತು.
ಸ್ಟೂಲು ಎಳೆದುಕೊಂಡು
ಅವಳ ಪಕ್ಕ ಕೂತೆ.
ತೋರಿಸು, ಅಂದೆ.